ಟೈಲರಮ್ಮ ನಿಂತು ಓಡಿಸಿದ ಬೈಕು

ಪಾಚಿಗಟ್ಟಿದ ಬಂಡೆಗಳ ಮೇಲೆ ಮೋಟಾರ್ ಬೈಕು ಹತ್ತಿಸಿ ಇಳಿಸುತ್ತಿದ್ದ ಮನುಷ್ಯ ಕೊನೆಗೂ ಜಾರಿ ಬಿದ್ದದ್ದು ಮನೆಯ ಬಚ್ಚಲಿನಲ್ಲಿ. ಸೋಪಿನ ನೊರೆ ಒಂದಿಷ್ಟು ಉಳಿದಿತ್ತು, ಅಷ್ಟೇ. ದೊಪ್ಪೆಂದು ಸದ್ದು ಕೇಳಿ ಹೊಲಿಗೆ ಬಿಟ್ಟು ಓಡಿ ಬಂದ ಹೆಂಡತಿಗೆ ಅವನು ಹಲ್ಲು ಕಚ್ಚಿಕೊಂಡು ಹೇಳಿದ ಮೊದಲ ಮಾತು, "ಕ್ಲಬ್ಬಿನವರಿಗೆ ಮಾತ್ರ ಹೇಳ್ಬೇಡ ಕಣೇ."

ಮುಚ್ಚಿಡುವಂಥ ವಿಷಯವಾಗಿರಲಿಲ್ಲ ಅದು. ಬಲಭುಜಕ್ಕೆ ಆಪರೇಷನ್ ಆಗಿ, ಒಳಗೆ ಲೋಹದ ಪಟ್ಟಿ ಕೂತು, ಕೈ ಜೋಳಿಗೆಯೊಳಗೆ ಸೇರಿತು. ಒಂದು ವರ್ಷ ಮುಗಿಯುವವರೆಗೆ ಬೈಕಿನ ಮಾತೇ ಎತ್ತಬೇಡಿ ಎಂದರು ಡಾಕ್ಟರು.

ಅವನು ಲಿಫ್ಟ್ ರಿಪೇರಿ ಮಾಡುವವನು. ಬೈಕಿನ ಜೊತೆಗಾರರು ಅವನಿಗಿಟ್ಟ ಹೆಸರು ಕಪ್ಪೆ. ನಿಂತಲ್ಲೇ ಬೈಕನ್ನು ಕುಪ್ಪಳಿಸಿ ಪಕ್ಕದ ಕಲ್ಲಿಗೆ ದಾಟಿಸುತ್ತಿದ್ದ, ಅದಕ್ಕೆ. ಅವರ ಆಟದ ಹೆಸರು ಟ್ರಯಲ್ಸ್. ರೇಸಲ್ಲ, ಇಲ್ಲಿ ಬೇಗ ಹೋದವರನ್ನು ಯಾರೂ ಕೇಳುವುದಿಲ್ಲ. ಬಂಡೆ, ಮರದ ದಿಮ್ಮಿ, ಕೊರಕಲುಗಳ ನಡುವೆ ರಿಬ್ಬನ್ ಕಟ್ಟಿ ದಾರಿ ಗುರುತಿಸಿರುತ್ತಾರೆ. ಕಾಲು ನೆಲಕ್ಕೆ ಊರದೆ ಅದನ್ನು ದಾಟಬೇಕು. ಊರಿದರೆ ತಪ್ಪಿನ ಅಂಕ. ಬಿದ್ದರೆ, ರಿಬ್ಬನ್ ದಾಟಿ ಆಚೆ ಹೋದರೆ ಐದು ಅಂಕ. ಕಡಿಮೆ ಅಂಕ ತೆಗೆದವರು ಗೆದ್ದಂತೆ. ಆ ಬೈಕಿಗೆ ಸೀಟೇ ಇರುವುದಿಲ್ಲ. ನಿಂತೇ ಓಡಿಸುವ ಗಾಡಿಗೆ ಅದರ ಅಗತ್ಯವಾದರೂ ಏನು? ಅವನ ತಾಯಿಗೆ ಮಾತ್ರ ಇದು ಅರ್ಥವಾಗಿರಲಿಲ್ಲ. "ಸೀಟೇ ಕೊಡದೆ ಮೋಸ ಮಾಡಿದಾರೆ, ಇವನೂ ಕೇಳದೆ ತಂದಿದಾನೆ" ಎಂದು ಬಂದವರೆದುರು ಮರುಗುತ್ತಿದ್ದಳು.

ಆ ಬೈಕು ನಿಲ್ಲುತ್ತಿದ್ದದ್ದು ಹೆಂಡತಿಯ ಹೊಲಿಗೆ ಕೋಣೆಯಲ್ಲೇ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಶಾಲೆಯ ಸಮವಸ್ತ್ರ, ಪ್ಯಾಂಟು, ಕೋಟು, ಕಿಟಕಿಯ ಪರದೆ, ಎಲ್ಲಕ್ಕೂ ಅವಳೇ ಆಗಬೇಕು. ಬೆಳಗಿನಿಂದ ಬಗ್ಗಿ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಬೈಕನ್ನು ಕಂಡರೆ ಅವಳಿಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಬಿಳಿ ಬಟ್ಟೆಗೆ ಅದರ ಎಣ್ಣೆ ತಾಗದಿದ್ದರೆ ಸಾಕಿತ್ತು.

ಒಂದು ಬೆಳಿಗ್ಗೆ ಕಪ್ಪೆ ಬಾಗಿಲಲ್ಲಿ ನಿಂತು ಮುಖ ಸಣ್ಣಗೆ ಮಾಡಿಕೊಂಡು ಹೇಳಿದ, "ಸುಮ್ನೆ ನಿಂತ್ರೆ ಇಂಜಿನ್ ಕೆಡುತ್ತೆ. ಒಂದು ಕಿಕ್ ಹೊಡೆದು ಸ್ಟಾರ್ಟ್ ಮಾಡ್ಕೊಡ್ತೀಯಾ?"

ಒಂದು ಕಿಕ್ಕಿಗೆ ಅದು ಜಗ್ಗಲಿಲ್ಲ. ಹಿತ್ತಲಿಗೆ ತಳ್ಳಿಕೊಂಡು ಹೋಗಿ ಬೆವರಿಳಿಯುವ ತನಕ ಹೊಡೆದ ಮೇಲೆ ಕೆಮ್ಮಿ ಎದ್ದಿತು. ಬೇಸರ ಕಳೆಯಲೆಂದು ಕಪ್ಪೆ, "ಹತ್ತಿ ನಿಂತ್ಕೋ, ಬೀಳಲ್ಲ, ನಾನು ಹಿಡ್ಕೊಂಡಿರ್ತೀನಿ" ಎಂದ. ಸ್ಕೂಟರಿನಲ್ಲಿ ಹೊಲಿದ ಬಟ್ಟೆ ತಲುಪಿಸಿ ರೂಢಿಯಿದ್ದವಳು ಹತ್ತಿದಳು. ಮೊಣಕಾಲು ಸಡಿಲ ಬಿಡು, ಸೊಂಟ ಹಿಂದಕ್ಕೆ ತಗೋ, ಚಕ್ರ ನೋಡ್ಬೇಡ, ಹೋಗಬೇಕಾದ ಜಾಗ ನೋಡು ಎಂದು ಅವನು ಹೇಳುತ್ತಾ ಹೋದ. ಕ್ಲಚ್ಚಿನ ಮೇಲೆ ಒಂದೇ ಬೆರಳು, ಮಿಕ್ಕ ಬೆರಳೆಲ್ಲ ಹ್ಯಾಂಡಲ್ಲಿಗೆ. ಹಿತ್ತಲಿನ ಗೋಡೆಯುದ್ದಕ್ಕೂ ನಡೆದು ಹೋಗುವವರಿಗಿಂತ ನಿಧಾನವಾಗಿ ಅವಳು ಗಾಡಿ ಬಿಟ್ಟಳು.

ಇಳಿದಾಗ ಸೊಂಟ ಹಗುರವಾಗಿತ್ತು. ಎಷ್ಟೋ ಕಾಲದ ಮೇಲೆ ಬೆನ್ನು ನೆಟ್ಟಗಾದಂತೆ. ಅದಕ್ಕಿಂತ ಹೆಚ್ಚಾಗಿ, ಗಾಡಿಯ ಮೇಲಿದ್ದಷ್ಟು ಹೊತ್ತು "ನನ್ನ ಪ್ಯಾಂಟು ಆಯ್ತಾ?" ಎಂದು ಯಾರೂ ಕೇಳಿರಲಿಲ್ಲ. ಮರುದಿನ ಅವನು ಕರೆಯುವ ಮೊದಲೇ ಅವಳು ಬೈಕನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗಿದ್ದಳು.

ಹಿತ್ತಲು ಸಾಲದಾಯಿತು. ಭಾನುವಾರಗಳಂದು ಇಬ್ಬರೂ ಕ್ಲಬ್ಬಿನವರು ಅಭ್ಯಾಸ ಮಾಡುವ ಊರಾಚೆಯ ಹಳೇ ಕಲ್ಲುಕ್ವಾರಿಗೆ ಹೊರಟರು. ಅಲ್ಲಿಯ ಯಜಮಾನಿಕೆ ಡ್ರಿಲ್ ಮೇಷ್ಟ್ರದು. ಶಾಲೆಯಿಂದ ನಿವೃತ್ತರಾದರೂ ಕೊರಳಿನ ಸೀಟಿ ಇಳಿಸಿರಲಿಲ್ಲ. ಟೈಲರಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದನ್ನು ಕಂಡು ಅವರು ಹುಬ್ಬೇರಿಸಲಿಲ್ಲ, ನಗಲೂ ಇಲ್ಲ. "ಮೊದಲು ನಡ್ಕೊಂಡು ಹೋಗಿ ದಾರಿ ನೋಡ್ಬಾಮ್ಮ. ಕಾಲಿಗೆ ಗೊತ್ತಿಲ್ಲದ ಕಲ್ಲಿನ ಮೇಲೆ ಚಕ್ರ ಬಿಡಬಾರದು" ಎಂದರು.

ಬಿದ್ದಳು. ಎದ್ದಳು. ಮತ್ತೆ ಬಿದ್ದಳು. ಸಣ್ಣ ದಿಮ್ಮಿಗಳನ್ನು ದಾಟುವುದು ಕೈವಶವಾಯಿತು. ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಮುಂದಿನ ಚಕ್ರ ಏರುತ್ತಿತ್ತು, ಹಿಂದಿನದು ಕಲ್ಲಿಗೆ ಬಡಿದು ನಿಲ್ಲುತ್ತಿತ್ತು. "ಧೈರ್ಯ ಸಾಲ್ದು ನಿಂಗೆ, ಇನ್ನೇನಿಲ್ಲ" ಎಂದ ಕಪ್ಪೆ. ಅವಳೂ ಹಾಗೇ ಇರಬೇಕು ಅಂದುಕೊಂಡಳು. ಮಣಿಕಟ್ಟು ಊದಿಕೊಂಡು ಸೂಜಿಗೆ ದಾರ ಪೋಣಿಸಲೂ ಒದ್ದಾಡುವಂತಾಯಿತು.

ಕೋಟಿನ ತೋಳು ಕೂಡಿಸುತ್ತಿದ್ದ ಒಂದು ಮಧ್ಯಾಹ್ನ ಅವಳ ಕಣ್ಣು ಪಕ್ಕದ ಬೈಕಿನ ಮೇಲೆ ಹೋಯಿತು. ಎದ್ದು, ಸ್ಟ್ಯಾಂಡ್ ಹಾಕಿದ್ದ ಬೈಕನ್ನು ಮೇಜಿಗೆ ಒರಗಿಸಿ ಹತ್ತಿ ನಿಂತಳು. ಹ್ಯಾಂಡಲ್ ಹಿಡಿದರೆ ಮಣಿಕಟ್ಟು ಮೇಲಕ್ಕೆ ಮಡಚಿಕೊಳ್ಳುತ್ತಿತ್ತು. ಕ್ಲಚ್ಚಿನ ಲಿವರ್ ತುದಿಗೆ ಬೆರಳು ಎಟುಕುತ್ತಿರಲಿಲ್ಲ. ನಡುವೆಲ್ಲೋ ಹಿಡಿದು ಎರಡು ಪಟ್ಟು ಬಲ ಹಾಕಬೇಕಿತ್ತು. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗು ಅವಳ ತೂಕಕ್ಕೆ ಕುಗ್ಗುತ್ತಲೇ ಇರಲಿಲ್ಲ. ಇದು ಆರಡಿ ಗಂಡಸಿನ ಅಳತೆಗೆ ಹೊಲಿದ ಉಡುಪು! ಇಷ್ಟು ದಿನ ತನ್ನ ಧೈರ್ಯವನ್ನು ಸುಮ್ಮನೆ ಶಂಕಿಸಿದ್ದಳು.

ಬೋಲ್ಟು ತಿರುಗಿಸುವ ಅಲೆನ್ ಕೀ ತೆಗೆದುಕೊಂಡು ಹ್ಯಾಂಡಲ್ಲನ್ನು ಒಂದಿಷ್ಟು ತನ್ನ ಕಡೆಗೆ ತಿರುಗಿಸಿದಳು. ನಿಂತಾಗ ಮುಂಗೈಯೂ ಬೆರಳೂ ಒಂದೇ ಗೆರೆಗೆ ಬರುವಂತೆ ಲಿವರುಗಳನ್ನು ಕೆಳಕ್ಕೆ ಇಳಿಸಿ, ತುದಿ ತೋರುಬೆರಳಿಗೆ ಸಿಗುವಂತೆ ಒಳಕ್ಕೆ ಸರಿಸಿದಳು. ಲಿವರಿನ ಬೋಲ್ಟನ್ನು ತೀರಾ ಬಿಗಿಯಲಿಲ್ಲ, ಬಿದ್ದರೆ ತಿರುಗಿಕೊಳ್ಳಲಿ, ಮುರಿಯದಿರಲಿ ಎಂದು. ಸ್ಪ್ರಿಂಗು ಸಡಿಲಿಸಿದಳು. ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಹಿಂದಿನ ಟೈರಿನ ಗಾಳಿ ಇಳಿಸಿದಳು.

ಜೋಳಿಗೆ ಬಿಚ್ಚಿ ಮತ್ತೆ ಕೆಲಸಕ್ಕೆ ಹೋಗತೊಡಗಿದ್ದ ಕಪ್ಪೆ ಸಂಜೆ ಬಂದವನೇ ಬೈಕು ನೋಡಿ ಸಿಡಿದೆದ್ದ. "ಯಾರನ್ನ ಕೇಳಿ ಮುಟ್ಟಿದೆ? ಈ ಸೆಟ್ಟಿಂಗ್‌ಗೆ ನಾನು ವರ್ಷಗಟ್ಟಲೆ ತಲೆ ಕೆಡಿಸ್ಕೊಂಡಿದೀನಿ. ಗಾಡಿ ಬದಲಾಯಿಸೋದಲ್ಲ, ಓಡಿಸೋರು ಬದಲಾಗ್ಬೇಕು!"

"ನಿಮ್ಮ ಪ್ಯಾಂಟು ಹಾಕ್ಕೊಂಡು ಓಡು ಅಂದ್ರೆ ನಾನು ಕಾಲು ಉದ್ದ ಮಾಡ್ಕೊಳ್ಳಾ?"

"ಪ್ಯಾಂಟೂ ಇದೂ ಒಂದೇನಾ?"

"ನಂಗೆ ಒಂದೇ."

ಒಳಗಿನಿಂದ ಅತ್ತೆಯ ದನಿ ಬಂತು: "ಗಾಡಿ ಬಿಚ್ಚಿದ್ದೇ ಆದ್ರೆ ಹಂಗೇ ಒಂದು ಸೀಟೂ ಹಾಕ್ಸಮ್ಮ."

ಅವನು ಅಂದು ಊಟಕ್ಕೆ ಬರಲಿಲ್ಲ. ಕೈ ಜೋಳಿಗೆಯಲ್ಲಿದ್ದ ಕಾಲದಲ್ಲಿ, ಆ ಬೈಕು ತನ್ನ ಅಳತೆಯಲ್ಲೇ ತನಗಾಗಿ ಕಾಯುತ್ತಿದೆ ಎಂಬುದೊಂದೇ ಅವನಿಗಿದ್ದ ಸಮಾಧಾನ. ಈಗ ಅದರ ಮೇಲಿನ ತನ್ನ ಗುರುತನ್ನೇ ಅಳಿಸಿದಂತಾಗಿತ್ತು. ಟೈಲರಮ್ಮನಿಗೆ ಅದು ಆಗ ಹೊಳೆಯಲಿಲ್ಲ. ಹೊಳೆದದ್ದು ಆಮೇಲೆ.

ಆ ಭಾನುವಾರ ಮೊಣಕಾಲೆತ್ತರದ ಮೆಟ್ಟಿಲನ್ನು ಅವಳು ಎರಡನೇ ಸಲಕ್ಕೇ ಹತ್ತಿದಳು. ಮೇಷ್ಟ್ರು ಸೀಟಿ ಊದಿದರು. "ಮುಂದಿನ ತಿಂಗಳ ಸ್ಪರ್ಧೆಗೆ ಹೆಸರು ಕೊಡಮ್ಮ" ಎಂದರು. ಬೈಕಿನ ಪಕ್ಕ ನಡೆಯುತ್ತಾ, ಬೀಳುವ ಹೊತ್ತಿಗೆ ಹಿಡಿಯುವ ಸಹಾಯಕನಾಗಿ ಒಬ್ಬರು ಇರಬೇಕಿತ್ತು. ಕಪ್ಪೆ ಗೊಣಗುತ್ತಲೇ ಒಪ್ಪಿದ.

ಸ್ಪರ್ಧೆಯ ದಿನ ಅತ್ತೆಯೂ ಮಡಚುವ ಕುರ್ಚಿ, ಛತ್ರಿ ಹಿಡಿದು ಕ್ವಾರಿಗೆ ಬಂದು ಕೂತಳು. ಕಪ್ಪೆ ಒಂದೇ ಸಮನೆ ಕೂಗುತ್ತಿದ್ದ: "ಬಲಕ್ಕೆ! ರೈಸ್ ಮಾಡು! ರೈಸ್ ಮಾಡೇ!" ಅವನ ಮಾತು ಕೇಳಿ ಅವಳು ಆಕ್ಸಿಲರೇಟರ್ ತಿರುವಿದಳು, ಬೈಕು ಹುಚ್ಚು ಕುದುರೆಯಂತೆ ಮುಂಗಾಲೆತ್ತಿ ಅವಳನ್ನು ಜಲ್ಲಿಯ ಮೇಲೆ ಕೆಡವಿತು. ತೀರ್ಪುಗಾರ ಐದು ಬೆರಳು ತೋರಿಸಿದ. ಅತ್ತೆ ಕುರ್ಚಿಯಿಂದಲೇ ಚಪ್ಪಾಳೆ ತಟ್ಟಿದಳು. "ಐದಕ್ಕೆ ಐದು! ನೋಡಿದ್ಯೇನೋ, ಬಿದ್ರೂ ಪೂರ್ತಿ ಕೊಟ್ರು!"

ಕೊನೆಯ ದಾರಿ ಆನೆಬೆನ್ನು. ಬೋರಲು ಮಲಗಿದ ಆನೆಯಂಥ ಬಂಡೆಗೆ ಅವರೇ ಇಟ್ಟುಕೊಂಡ ಹೆಸರು. ಅಲ್ಲಿ ತೀರ್ಪುಗಾರರು ಡ್ರಿಲ್ ಮೇಷ್ಟ್ರು. ಕಪ್ಪೆ ಅದನ್ನು ನೇರ ನೆತ್ತಿಯ ಮೇಲಿಂದ ಹತ್ತಲು ಹೋಗಿ ಪ್ರತಿ ವರ್ಷವೂ ಕಾಲು ಊರಿದ್ದ. ಅವಳು ಬೆಳಿಗ್ಗೆಯೇ ನಡೆದು ನೋಡಿ ಬಂದಿದ್ದಳು. ನೇರ ಏರುವಷ್ಟು ರಭಸ ತನ್ನಿಂದಾಗದು. ಎಡಪಕ್ಕದಲ್ಲಿ ಒಂದು ಸಣ್ಣ ಕಟ್ಟೆಯಿತ್ತು, ಚಕ್ರ ಇಟ್ಟು ಉಸಿರು ತಗೊಳ್ಳುವಷ್ಟು. ಕ್ಲಬ್ಬಿನ ನಿಯಮದಲ್ಲಿ ನಿಲ್ಲಬಹುದು, ಹಿಂದಕ್ಕೆ ಉರುಳಬಾರದು.

ಹೊರಡುವ ಮುಂಚೆ ಅವಳು ಗಂಡನ ಕಡೆ ತಿರುಗಿದಳು. "ರೀ, ಒಂದು ಮಾತು. ಈ ಸಲ ಬಾಯಿಗೆ ಬೀಗ ಹಾಕ್ಕೊಳ್ಳಿ. ಬಿದ್ರೆ ಹಿಡ್ಕೊಳ್ಳಿ, ಸಾಕು."

ಅವನ ಮುಖ ಕೆಂಪಾಯಿತು. ಬಂಡೆಯ ಪಕ್ಕ ಹೋಗಿ ಎಡಗೈ ಚಾಚಿ ನಿಂತ.

ಅವಳು ಎಡಕ್ಕೆ ತಿರುಗಿ ಕಟ್ಟೆಯ ಮೇಲೆ ಮುಂದಿನ ಚಕ್ರ ಇಟ್ಟು, ಕ್ಲಚ್ ಹಿಡಿದು, ಬ್ರೇಕು ಒತ್ತಿ ನಿಂತುಬಿಟ್ಟಳು. ಬೈಕು ಅತ್ತಿತ್ತ ತೂಗಿತು. ಇಂಜಿನ್ನಿನ ಗುಟುಗುಟು ಬಿಟ್ಟರೆ ಕೆಳಗೆ ನಿಂತವನ ಉಸಿರಾಟವೊಂದೇ ಅವಳಿಗೆ ಕೇಳುತ್ತಿದ್ದದ್ದು. ಅವನಿಗೆ ಕೂಗಬೇಕು ಅನ್ನಿಸುತ್ತಿದೆ, ಕೂಗುತ್ತಿಲ್ಲ ಎಂದು ಆ ಉಸಿರಿನಲ್ಲೇ ಗೊತ್ತಾಯಿತು. ಮೇಲಿನ ಅಂಚಿಗೆ ಕಣ್ಣು ನೆಟ್ಟು, ಮೈಯನ್ನು ಕುಗ್ಗಿಸಿ ಎತ್ತಿ, ಬೆರಳನ್ನು ಮೆಲ್ಲಗೆ ಬಿಟ್ಟಳು. ಮೆತ್ತಗಿನ ಟೈರು ಕಲ್ಲಿಗೆ ಅಂಟಿಕೊಂಡು ಹಿಡಿಯಿತು. ಬೈಕು ಏರಿತು, ನೆತ್ತಿ ತಲುಪಿತು, ಆಚೆ ಇಳಿಯಿತು.

ಮೇಷ್ಟ್ರು ಮುಷ್ಟಿ ಬಿಗಿದು ಮೇಲೆತ್ತಿದರು. ಒಂದೂ ತಪ್ಪಿಲ್ಲ ಎಂದರ್ಥ.

"ಅಯ್ಯೋ, ಏನೂ ಕೊಡ್ಲೇ ಇಲ್ವಲ್ಲ!" ಎಂದು ಅತ್ತೆ ಎದ್ದೇ ನಿಂತಳು. ಇಷ್ಟು ಕಷ್ಟಪಟ್ಟವಳಿಗೆ ಸೊನ್ನೆಯೇ ಎಂದು ಜಗಳಕ್ಕೆ ಹೊರಟವಳನ್ನು ನಾಲ್ಕು ಜನ ಸೇರಿ ಕೂರಿಸಬೇಕಾಯಿತು.

ಒಟ್ಟು ಲೆಕ್ಕದಲ್ಲಿ ಟೈಲರಮ್ಮ ಕೊನೆಯ ಕೆಲವರ ಸಾಲಿನಲ್ಲೇ ಉಳಿದಳು. ಆದರೂ ಆನೆಬೆನ್ನನ್ನು ಕಾಲೂರದೆ ದಾಟಿದವಳೆಂದು ಎಲ್ಲರೂ ಬಂದು ಕೈ ಕುಲುಕಿದರು. ಕಪ್ಪೆ "ಚೆನ್ನಾಗಿ ಮಾಡಿದೆ" ಎಂದ, ಗೋಡೆಯ ಮೇಲಿನ ಬೋರ್ಡು ಓದುವವನಂತೆ. ಅಂದಿನಿಂದ ಹೊಲಿಗೆ ಕೋಣೆಯ ಕಡೆಗೂ ಸುಳಿಯಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಬಂಡೆ ಹತ್ತಿದ ಖುಷಿಯನ್ನು ಅವಳು ಅತ್ತೆಯೊಬ್ಬಳ ಹತ್ತಿರವೇ ಹಂಚಿಕೊಳ್ಳಬೇಕಾಯಿತು. ಅತ್ತೆಗೋ ಆ ಸೊನ್ನೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

ವರ್ಷ ಕಳೆದು ಡಾಕ್ಟರು ಒಪ್ಪಿಗೆ ಕೊಟ್ಟ ವಾರ. ಕರೆಂಟು ಹೋಗಿತ್ತೆಂದು ಟೈಲರಮ್ಮ ಕಿಟಕಿಯ ಬೆಳಕಿನಲ್ಲಿ ಪರದೆಯ ಅಂಚು ಮಡಚಿ ಕೈಹೊಲಿಗೆ ಹಾಕುತ್ತಿದ್ದಳು. ಹಿತ್ತಲಿನಲ್ಲಿ ಕಪ್ಪೆ ಬೈಕಿನ ಹ್ಯಾಂಡಲ್ಲನ್ನು ತನ್ನ ಹಳೆಯ ಜಾಗಕ್ಕೆ ತಿರುಗಿಸಿ ಬಿಗಿಯುತ್ತಿರುವುದು ಕಂಡಿತು. ಹತ್ತಿ ನಿಂತ. ಬಲ ಮೊಣಕೈ ಬೇಕಾದಷ್ಟು ಮೇಲೇಳಲಿಲ್ಲ. ಇನ್ನೊಮ್ಮೆ ಯತ್ನಿಸಿದ. ಬೈಕು ವಾಲಿತು, ಅವನೂ ಜೊತೆಗೆ ವಾಲಿ ನೆಲಕ್ಕೆ ಕೂತ. ಏಳಲಿಲ್ಲ. ಬಿದ್ದ ಬೈಕಿನ ಪಕ್ಕ ಮೊಣಕಾಲಿಗೆ ಗಲ್ಲ ಊರಿ ಕೂತೇ ಇದ್ದ.

ಓಡಿ ಹೋಗಬೇಕೆಂದು ಎದ್ದವಳು ಮತ್ತೆ ಕೂತಳು. ಈಗಲೇ ಹೋದರೆ ಬಿದ್ದದ್ದಕ್ಕಿಂತ ನೋಡಿದ್ದೇ ಅವನಿಗೆ ಹೆಚ್ಚು ನೋಯುತ್ತದೆ. ಒಂದು ಅಂಚು ಮುಗಿಸಿ, ಚಹಾ ಕಾಯಿಸಿ, ಎರಡು ಲೋಟ ಹಿಡಿದು ಹೋಗಿ ಪಕ್ಕದಲ್ಲಿ ಕೂತಳು.

"ನಿನ್ನ ಮೇಲೆ ಕೋಪ ಏನೂ ಇಲ್ಲ ಕಣೇ" ಎಂದ ಅವನು.

"ಇದೆ."

"ಇದೆ. ಸ್ವಲ್ಪ." ಲೋಟ ತಿರುಗಿಸುತ್ತಾ ಕೂತ. "ಆ ಬಂಡೆ ಹತ್ತೋ ಕನಸು ನನಗೆ ಎಷ್ಟು ಸಲ ಬಿದ್ದಿದೆ ಗೊತ್ತಾ? ನೀನು ಸೀದಾ ಹೋಗಿ ಹತ್ಬಿಟ್ಟೆ."

"ಸೀದಾ ಹೋಗ್ಲಿಲ್ಲ, ಎಡಗಡೆಯಿಂದ ಹೋದೆ."

ಅವನಿಗೆ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಯಿತು. "ಕೈ ಮೇಲೆ ಬರ್ತಿಲ್ಲ ಕಣೇ. ಮೊದಲಿನ ಥರ ಇನ್ನು ಬರಲ್ಲ ಅನ್ಸುತ್ತೆ."

"ಬರದಿದ್ರೆ ಬೇಡ. ಎಲ್ಲಿವರೆಗೆ ಬರುತ್ತೋ ತೋರಿಸಿ."

ಬೈಕು ಎತ್ತಿ ನಿಲ್ಲಿಸಿ, ಮುಂದಿನ ಚಕ್ರವನ್ನು ತನ್ನ ಮೊಣಕಾಲುಗಳ ನಡುವೆ ಅಮುಕಿ ಹಿಡಿದು ಅವನನ್ನು ಹತ್ತಿಸಿದಳು. ಮೊಣಕೈ ನೋವಿಲ್ಲದೆ ಎಲ್ಲಿಗೆ ಏಳುತ್ತದೆ, ಭುಜ ಎಲ್ಲಿ ಹಿಡಿದುಕೊಳ್ಳುತ್ತದೆ, ನೋಡುತ್ತಾ ಹೋದಳು. ಹ್ಯಾಂಡಲ್ ಮೊದಲಿಗಿಂತ ತಗ್ಗಬೇಕಿತ್ತು, ಹತ್ತಿರ ಬರಬೇಕಿತ್ತು. "ಇಷ್ಟು ತಗ್ಗಿಸಿದ್ರೆ ಇಳಿಜಾರಲ್ಲಿ ಮುಗ್ಗರಿಸ್ತೀನಿ" ಎಂದ. "ಹಂಗಾದ್ರೆ ಸೊಂಟ ಇನ್ನಷ್ಟು ಹಿಂದಕ್ಕೆ ತಗೊಳ್ಳಿ" ಎಂದಳು. ಸಂಜೆಯ ತನಕ ಬಿಚ್ಚಿದರು, ಬಿಗಿದರು, ವಾದ ಮಾಡಿದರು. ಓಡಿಸುವವರಿಗೆ ತಕ್ಕಂತೆ ತಿರುಗಿಸಿಕೊಳ್ಳಲು ಎರಡು ಬಣ್ಣದ ಪೇಂಟಿನಲ್ಲಿ ಹ್ಯಾಂಡಲ್ಲಿಗೆ ಎರಡು ಗೆರೆ ಬಿದ್ದವು. ಕೆಂಪು ಅವನದು, ಬಿಳಿ ಅವಳದು.

ಕಪ್ಪೆ ಈಗ ಕುಪ್ಪಳಿಸುವುದಿಲ್ಲ. ಸುಲಭದ ದಾರಿಗಳಲ್ಲಿ ಓಡಿಸುತ್ತಾನೆ, ಧಾರಾಳವಾಗಿ ಕಾಲು ಊರುತ್ತಾನೆ, ಚಳಿ ಬಿದ್ದಾಗ ಭುಜ ಹಿಡಿದುಕೊಂಡು ಮುಲುಗುತ್ತಾನೆ. ಕ್ವಾರಿಗೆ ಹೊಸದಾಗಿ ಬಂದವರನ್ನು ಸುತ್ತ ನಿಲ್ಲಿಸಿಕೊಂಡು ಪಾಠ ಹೇಳುವುದೂ ಅವನೇ: "ಮೊದ್ಲು ನಿಂತ್ಕೊಳ್ಳಿ, ಮಣಿಕಟ್ಟು ನೋಡ್ಕೊಳ್ಳಿ. ಗಾಡಿ ನಿಮ್ಮ ಮೈಗೆ ಒಪ್ಪಬೇಕೇ ಹೊರತು ನೀವು ಗಾಡಿಗಲ್ಲ. ನಾನು ಮೊದಲಿಂದ್ಲೂ ಇದನ್ನೇ ಹೇಳ್ತಾ ಬಂದಿದೀನಿ." ಟೈಲರಮ್ಮ ಪಕ್ಕದಲ್ಲೇ ನಿಂತಿರುತ್ತಾಳೆ, ತುಟಿ ಪಿಟಕ್ಕೆನ್ನುವುದಿಲ್ಲ.

ಇನ್ನೊಂದು ಬೈಕು ತರೋಣ ಎಂದು ಅವನು ಆಗಾಗ ರಾಗ ತೆಗೆಯುತ್ತಾನೆ. ಎಲ್ಲಿ ನಿಲ್ಲಿಸ್ತೀರಿ, ನನ್ನ ಮೇಜಿನ ಮೇಲಾ ಎಂದು ಅವಳು ಕೇಳುತ್ತಾಳೆ. ಹಾಗಾಗಿ ಸದ್ಯಕ್ಕೆ ಇರುವುದು ಒಂದೇ, ಓಡಿಸುವುದು ಸರದಿಯ ಮೇಲೆ. ಅವನ ಸರದಿ ಬಂದಾಗ ಅವಳು ಬಂಡೆಯ ಪಕ್ಕ ಎರಡೂ ಕೈ ಚಾಚಿ ನಿಲ್ಲುತ್ತಾಳೆ.