ಬೀಗದ ಕೈ ಕೊಟ್ಟವಳು

ಮನೆ ಖಾಲಿ ಮಾಡಿಸಲು ಮಾಲೀಕರು ನನ್ನ ಮೇಲೆ ಕೇಸು ಹಾಕಿದ ಮೇಲೂ ಅವರ ಹೆಂಡತಿ ನನಗೆ ಬೆಳಗಿನ ಕಾಫಿ ಕೊಡುವುದನ್ನು ಬಿಟ್ಟಿರಲಿಲ್ಲ. ನಾನೂ ಕುಡಿಯುವುದನ್ನು ಬಿಟ್ಟಿರಲಿಲ್ಲ. ಈಗ ನೆನೆದರೆ ಮೈ ಉರಿಯುತ್ತದೆ.

ಪೊನ್ನಂಪೇಟೆಯಲ್ಲಿ ಅವರ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ಹನ್ನೊಂದು ವರ್ಷ ಬಾಡಿಗೆಗಿದ್ದೆ. ಒಂದರಲ್ಲಿ ಹೊಲಿಗೆ ಮೆಷಿನು, ಇನ್ನೊಂದರಲ್ಲಿ ಅಡುಗೆ, ನಿದ್ದೆ. ಗಂಡ ತೀರಿಕೊಂಡ ಮೇಲೆ ಆ ಮೆಷಿನೇ ನನಗೆ ಅನ್ನ ಹಾಕಿದ್ದು. ರವಿಕೆ ಹೊಲಿಸುವ ಹೆಂಗಸರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ಅಲ್ಲಿಗೆ. ಜಾಗ ಬಿಟ್ಟರೆ ಗಿರಾಕಿಗಳನ್ನೂ ಬಿಟ್ಟ ಹಾಗೆ. ಮಾಲೀಕರಿಗೆ ಅಲ್ಲಿ ಹೋಮ್‌ಸ್ಟೇ ಮಾಡುವ ಹುಚ್ಚು ಹತ್ತಿತ್ತು. ಬಿಡಿ ಎಂದರು, ಬಿಡಲಿಲ್ಲ. ವಕೀಲರ ನೋಟಿಸು ಬಂತು, ನಾನೂ ಒಬ್ಬ ವಕೀಲರನ್ನು ಹಿಡಿದೆ.

ಆದರೂ ಕೋರ್ಟಿನದು ಕೋರ್ಟಿಗೆ, ಅಂಗಳದ್ದು ಅಂಗಳಕ್ಕೆ ಎಂದೇ ನಾನು ತಿಳಿದಿದ್ದೆ. ಒಂದು ವಾಯಿದೆಯ ದಿನ ಮಳೆ ಹಿಡಿದುಕೊಂಡಾಗ ಮಾಲೀಕರೇ ಜೀಪು ನಿಲ್ಲಿಸಿ, "ಹತ್ತಿ, ಹೋಗೋದು ಒಂದೇ ಕಡೆಗಲ್ವಾ" ಎಂದು ಕರೆದುಕೊಂಡು ಹೋಗಿದ್ದರು. ದಾರಿಯುದ್ದಕ್ಕೂ ಮೆಣಸಿನ ಬಳ್ಳಿಯ ರೋಗದ ಬಗ್ಗೆ ಮಾತಾಡಿದೆವು. ಕೋರ್ಟಿನಲ್ಲಿ ಇಳಿದು ಆಚೆ ಈಚೆ ನಿಂತೆವು.

ಆ ಮಳೆಗಾಲದಲ್ಲೇ ತವರೂರು ಕರಿಕೆಯಲ್ಲಿ ನನ್ನ ಅಮ್ಮ ಬಿದ್ದು ಸೊಂಟ ಮುರಿದುಕೊಂಡರು. ನಾನು ಹೊರಡಲೇಬೇಕಿತ್ತು. ಕೋಣೆಯೊಳಗೆ ಯಾರದೋ ಮದುವೆಯ ರವಿಕೆಗಳು, ಸೀರೆಗಳು. ನಮ್ಮ ಮಳೆಯಲ್ಲಿ ಮನೆ ಮುಚ್ಚಿಟ್ಟರೆ ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ. ದಿನಕ್ಕೊಮ್ಮೆಯಾದರೂ ಬಾಗಿಲು ತೆಗೆದು ಗಾಳಿ ಆಡಿಸಬೇಕು. ಹಾಗಾಗಿ ಊರಿಗೆ ಹೋಗುವವರು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟೇ ಹೋಗುವುದು. ಪ್ರತಿ ವರ್ಷದ ಹಾಗೆ ನಾನು ಮಾಲೀಕರ ಹೆಂಡತಿಯ ಕೈಗೆ ಕೊಟ್ಟೆ.

"ನೀ ಹೋಗಿ ಅಮ್ಮನ್ನ ನೋಡು ಮಾರಾಯ್ತಿ. ನಾನು ದಿನಾ ಬಾಗ್ಲು ತೆಗ್ದಿಡ್ತೇನೆ" ಎಂದರು ಅಕ್ಕ. ನಾನು ಅವರನ್ನು ಕರೆಯುತ್ತಿದ್ದದ್ದೇ ಅಕ್ಕ ಎಂದು.

ಊರಿನಲ್ಲಿ ವಿಷಯ ಕೇಳಿ ನನ್ನ ಅಣ್ಣ ಹಣೆ ಚಚ್ಚಿಕೊಂಡ. "ಕೇಸ್ ಹಾಕಿದವ್ರ ಕೈಗೆ ಕೀ ಕೊಟ್ಟ್ ಬಂದಿಯಾ? ನಿಂಗೆ ತಲೆ ಸಮ ಉಂಟಾ?" ಅಕ್ಕ ಅಂಥವರಲ್ಲ ಎಂದು ಅವನ ಮೇಲೇ ರೇಗಿದೆ.

ಅಮ್ಮ ಎದ್ದು ಕೂರುವಂತಾದ ಮೇಲೆ ಮರಳಿ ಬಂದೆ. ಬಾಗಿಲಿಗೆ ಹೊಸ ಬೀಗ. ನನ್ನ ಮೆಷಿನು ಜೀಪಿನ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ, ಮದುವೆಯ ರವಿಕೆಗಳು ಗೊಬ್ಬರದ ಖಾಲಿ ಚೀಲದಲ್ಲಿ. ಕಿಟಕಿಯಿಂದ ಇಣುಕಿದರೆ ನನ್ನ ಒಲೆ ಇದ್ದ ಮೂಲೆಗೆ ಗೋಡೆ ಎಬ್ಬಿಸಿ ಕಮೋಡು ಕೂರಿಸಿದ್ದರು. ನಾನು ಅನ್ನ ಬೇಯಿಸಿದ ಜಾಗದಲ್ಲಿ!

ಮಾಲೀಕರು ಜಗಲಿಯಿಂದ ಇಳಿಯಲೂ ಇಲ್ಲ. "ಕೀ ಕೊಟ್ಟು ಹೋದವ್ರು ನೀವೇ. ಇನ್ನೆಂತ ಮಾತು?" ಎಂದರು. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುವಷ್ಟು ಬೈದೆ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಅಕ್ಕ ಹೊರಗೆ ಬರಲೇ ಇಲ್ಲ.

ಮನೆಯ ಸ್ವಾಧೀನ ಮರಳಿ ಕೊಡಿಸಿ ಎಂದು ಅರ್ಜಿ ಹಾಕಿದೆ. ಕಟಕಟೆಯಲ್ಲಿ ಅವರ ವಕೀಲರು ಕೇಳಿದ್ದು ಒಂದೇ: "ಬೀಗದ ಕೈಯನ್ನು ನಿಮ್ಮ ಇಷ್ಟದಿಂದಲೇ ಕೊಟ್ಟಿರಿ. ಹೌದೋ ಅಲ್ಲವೋ?"

"ಹೌದು ಸಾರ್, ಆದ್ರೆ ಅದು ಗಾಳಿ ಆಡ್ಸಕ್ಕೆ..."

"ಕೇಸು ನಡೆಯುತ್ತಿರುವಾಗ, ಎದುರು ಪಾರ್ಟಿಯ ಕೈಗೆ, ಗಾಳಿ ಆಡಿಸಲು!" ಎಂದು ಅವರು ಎರಡೂ ಕೈ ಅಗಲಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ನಗು ನನ್ನನ್ನು ಸುಟ್ಟಿತು. ನಕ್ಕವರ ಮನೆಯಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುವುದಿಲ್ಲವೇ?

ಆಮೇಲೆ ಅಕ್ಕ ಸಾಕ್ಷಿ ಹೇಳಲು ಬಂದರು. ನಾನೇ ಹೊಲಿದುಕೊಟ್ಟ ರವಿಕೆ ತೊಟ್ಟಿದ್ದರು. "ಮನೆ ಬಿಡ್ತೇನೆ ಅಂತ ಹೇಳಿಯೇ ಇವ್ಳು ಕೀ ಕೊಟ್ಟದ್ದು" ಎಂದರು. ನೆಲ ನೋಡಿಕೊಂಡು ಹೇಳಿದ್ದರೆ ಗಂಡನ ಹೆದರಿಕೆಗೆ ಎಂದುಕೊಳ್ಳುತ್ತಿದ್ದೆನೋ ಏನೋ. ನನ್ನ ಮುಖ ನೋಡಿಕೊಂಡೇ ಹೇಳಿದರು.

ಅರ್ಜಿ ವಜಾ ಆಯಿತು. ಮೇಲ್ಮನವಿ ಇನ್ನೂ ಎಳೆಯುತ್ತಿದೆ. ನಾನೀಗ ಬೇರೆ ಬೀದಿಯಲ್ಲಿ, ಅರ್ಧದಷ್ಟೂ ಗಿರಾಕಿಗಳಿಲ್ಲದೆ ಮೆಷಿನು ತುಳಿಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ಅಮ್ಮನನ್ನು ನೋಡಲು ಹೊರಟಾಗ ಪಕ್ಕದ ಮನೆಯ ಹೊಸ ಸೊಸೆ ಓಡಿ ಬಂದಳು. "ಅಕ್ಕ, ಕೀ ಕೊಟ್ಟು ಹೋಗಿ. ನಾನು ಬಾಗ್ಲು ತೆಗ್ದಿಡ್ತೇನೆ."

ನನ್ನ ಕೈ ತಾನಾಗಿಯೇ ಸೆರಗಿನ ಗಂಟಿನ ಮೇಲೆ ಬಿಗಿಯಿತು. "ಬೇಡ" ಎಂದೆ. ಎಷ್ಟು ಒರಟಾಗಿ ಎಂದರೆ ಆ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಅವಳಿಗೆ ಕಾರಣ ಹೇಳಬಹುದಿತ್ತು, ಹೇಳಲಿಲ್ಲ. ಬಸ್ಸು ಹತ್ತಿದ ಮೇಲೂ ಅವಳ ಮುಖ ಕಣ್ಣ ಮುಂದೆಯೇ ಇತ್ತು. ಮನೆ ಕಿತ್ತುಕೊಂಡದ್ದನ್ನು ಎಂದಾದರೂ ಮರೆತರೂ ಮರೆತೇನು. ನನ್ನನ್ನು ಹೀಗೆ ಮಾಡಿದ್ದಕ್ಕೆ ಆ ಗಂಡ ಹೆಂಡತಿಯನ್ನು ನಾನು ಸಾಯುವತನಕ ಕ್ಷಮಿಸುವುದಿಲ್ಲ.