ನಡುಗದ ಕೂಸು

ಬೀದರಿನ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಆ ಚಳಿಗಾಲ ಚಿಂತಾಕಿಯಲ್ಲಿದ್ದ ನನ್ನ ತಮ್ಮನ ಹೆಂಡತಿಗೆ ದಿನ ತುಂಬುವ ಮೊದಲೇ ನೋವು ಬಂದು, ಔರಾದಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಬೆಳಿಗ್ಗೆ ನಾನು ತಲುಪಿದಾಗ ಅವಳು ಕದಲುವ ಸ್ಥಿತಿಯಲ್ಲಿರಲಿಲ್ಲ. ಕೂಸನ್ನು ಮಾತ್ರ ತಕ್ಷಣ ಬೀದರಿಗೆ ಒಯ್ಯಬೇಕೆಂದರು. ಅವ್ವ ಬಾಣಂತಿಯ ಹತ್ತಿರ ಉಳಿದಳು. ತಮ್ಮ, ನಾನು, ಒಬ್ಬ ನರ್ಸ್ ಆಂಬುಲೆನ್ಸ್ ಹತ್ತಿದೆವು.

ಕೂಸು ತಮ್ಮನ ತೊಡೆಯ ಮೇಲಿತ್ತು, ಎರಡು ಶಾಲಿನೊಳಗೆ.

"ಅಕ್ಕಾ, ನಡುಗಲತ್ತಿಲ್ಲ ನೋಡು. ಅಂದ್ರ ಥಂಡಿ ಹತ್ತಿಲ್ಲ, ಹೌದಲ್ಲ?"

ನಾನು ನರ್ಸ್ ಕಡೆ ನೋಡಿದೆ. ಎಳೆಗೂಸು ನಮ್ಮ ಹಾಗೆ ನಡುಗಿ ಬಿಸಿಯಾಗುವುದಿಲ್ಲ. ಅದರ ಬೆನ್ನಿನ ಮೇಲ್ಭಾಗದಲ್ಲಿ, ಕುತ್ತಿಗೆಯ ಸುತ್ತ ಕಂದು ಕೊಬ್ಬು ಇರುತ್ತದೆ. ಆ ಕೊಬ್ಬಿನ ಕೋಶಗಳಲ್ಲಿ ಕಿಕ್ಕಿರಿದಿರುವ ಮೈಟೋಕಾಂಡ್ರಿಯಾಗಳು ಕೊಬ್ಬನ್ನು ಉರಿಸಿ ನೇರವಾಗಿ ಶಾಖ ಮಾಡುತ್ತವೆ. ಬೇಗ ಹುಟ್ಟಿದ ಕೂಸಿಗೆ ಆ ಕೊಬ್ಬೇ ಕಡಿಮೆ. ಉರಿಸಲು ಆಮ್ಲಜನಕವೂ ಬೇಕು. ಇದರ ಉಸಿರೋ ತಡೆತಡೆದು ಬರುತ್ತಿತ್ತು.

ನರ್ಸ್ ಕಂಕುಳಿಗೆ ಥರ್ಮಾಮೀಟರ್ ಇಟ್ಟು ನೋಡಿದಳು. "ಇಳಿಲತ್ತದ್ರಿ. ಅಂಗಿ ಬಿಚ್ರಿ, ಎದಿಗಿ ಹಚ್ಕೊಳ್ರಿ."

ತಮ್ಮ ಗುಂಡಿ ಕಿತ್ತುಹೋಗುವಂತೆ ಅಂಗಿ ತೆರೆದ. ಬರಿಯ ಎದೆಗೆ ಕೂಸನ್ನು ಒರಗಿಸಿ, ಮೇಲೆ ಶಾಲು ಹೊದೆಸಿದೆವು. ದಾರಿಯುದ್ದಕ್ಕೂ ನಾನು ಶಾಲಿನೊಳಗೆ ಕೈ ಹಾಕಿ ಆ ಪುಟ್ಟ ಬೆನ್ನು ಮುಟ್ಟುತ್ತಿದ್ದೆ. ಬಿಸಿ ತಮ್ಮನದೋ ಕೂಸಿನದೋ ತಿಳಿಯುತ್ತಿರಲಿಲ್ಲ.

ಬೀದರಿನಲ್ಲಿ ಕೂಸನ್ನು ಬಿಸಿ ದೀಪದ ಕೆಳಗೆ ಮಲಗಿಸಿ ಆಮ್ಲಜನಕ ಕೊಟ್ಟರು. ಮೈಬಣ್ಣ ತುಸು ಕೆಂಪಿಗೆ ತಿರುಗಿದ್ದೇ ತಡ, ಡಾಕ್ಟರು ಆಮ್ಲಜನಕ ಇಳಿಸಿದರು. ತಮ್ಮ ಹೌಹಾರಿದ. "ಡಾಕ್ಟರ್ ಸಾಹೇಬ್ರ, ಕಮ್ಮಿ ಯಾಕ ಮಾಡ್ತೀರಿ? ಜಾಸ್ತಿ ಬಿಡ್ರಿ!"

"ಜಾಸ್ತಿ ಆದ್ರ ಕಣ್ಣಿಗಿ, ಪುಪ್ಪುಸಕ್ಕ ಪೆಟ್ಟು ಬೀಳ್ತದ್ರಿ," ಎಂದರು ಅವರು.

ಅವನು ನನ್ನ ಕಡೆ ತಿರುಗಿದ. ಹೆಚ್ಚಾದ ಆಮ್ಲಜನಕದಿಂದ ಜೀವಕೋಶದೊಳಗೆ ಪುಂಡ ಕಣಗಳು ಹುಟ್ಟುತ್ತವೆ, ಸಿಕ್ಕಿದ್ದನ್ನೆಲ್ಲ ಸುಡುತ್ತವೆ, ಅವನ್ನು ತಡೆಯುವ ಶಕ್ತಿ ಈ ಕೂಸಿಗೆ ಇನ್ನೂ ಬಂದಿಲ್ಲ ಎಂದು ಹೇಳಿದೆ. ಪ್ರತಿ ವರ್ಷ ಹೇಳುವ ಪಾಠ. ರಕ್ತದ ಆಮ್ಲಜನಕ ತೋರಿಸುವ ಯಂತ್ರದ ಮೇಲಿನ ಅಂಕಿ ಕುಸಿಯಿತು. ತಮ್ಮ ನನ್ನ ಮಣಿಕಟ್ಟು ಹಿಡಿದ. ಅಂಕಿ ನಿಂತಿತು, ಮೆಲ್ಲಗೆ ಏರಿತು, ಮತ್ತೆ ಇಳಿಯಿತು. ಮಧ್ಯಾಹ್ನದವರೆಗೂ ಹೀಗೇ.

ಕೊನೆಗೆ ಅಲ್ಲಿಯ ನರ್ಸ್ ಕರೆದಳು. "ಕಾಲು ಬೆಚ್ಚಗ ಆಗ್ಯಾವ್ರಿ. ಮುಟ್ಟಿ ನೋಡ್ರಿ."

ತಮ್ಮ ಹತ್ತಿರ ಹೋದವನು ಕೈ ಹಿಂದೆಳೆದುಕೊಂಡ. "ನನ್ನ ಕೈ ಥಂಡಿ ಅವ," ಎಂದು ಅಂಗೈಗಳನ್ನು ಉಜ್ಜುತ್ತ ನಿಂತ.