ಹತ್ತು ಗೆರೆಯ ಕೊಸರು

ಯಾರಾದರೂ ಏನಾದರೂ ಕೇಳಿದರೆ ನನಗೆ ತಕ್ಷಣ ಉತ್ತರ ಬರುವುದಿಲ್ಲ. ಉತ್ತರವೇನೋ ಗೊತ್ತಿರುತ್ತದೆ, ಅದು ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮಂಡ್ಯದ ನಮ್ಮ ಮನೆಯಲ್ಲಿ ಸಂಜೆ ಅಮ್ಮ "ಕಾಫಿ ಬೇಕೇನೇ?" ಎಂದು ಕೇಳಿ, ನನ್ನ ಮುಖವನ್ನೂ ನೋಡದೆ ಒಳಗೆ ಹೋಗಿ ಸ್ಟೌವ್ ಹಚ್ಚಿ ಹಾಲಿಡುತ್ತಾಳೆ. ನಾನು "ಹ್ಞೂಂ" ಎನ್ನುವ ಹೊತ್ತಿಗೆ ಹಾಲು ಉಕ್ಕುತ್ತಿರುತ್ತದೆ.

ಇಂಥವಳಿಗೆ, ಮದ್ದೂರಿನಲ್ಲಿ ವರ್ಕ್‌ಶಾಪು ಇಟ್ಟಿರುವ ಚಿಕ್ಕಪ್ಪ ಒಪ್ಪಿಸಿದ ಕೆಲಸವೆಂದರೆ ಒಂದು ಯಂತ್ರದ ಇದೇ ಕಾಯಿಲೆಯನ್ನು ವಾಸಿಮಾಡುವುದು. ಅದೊಂದು ಮುದಿ ಮಿಲ್ಲಿಂಗ್ ಯಂತ್ರ. ಹಿಡಿ ತಿರುಗಿಸಿದರೆ ಉದ್ದನೆಯ ಸ್ಕ್ರೂ ತಿರುಗಿ, ಮೇಲಿನ ಮೇಜು ಅತ್ತಿತ್ತ ಸರಿಯಬೇಕು. ಎಷ್ಟು ಸರಿಯಿತೆಂಬುದನ್ನು ಹಿಡಿಯ ಬುಡದ ಬಿಲ್ಲೆಯ ಮೇಲೆ ಕೊರೆದ ಗೆರೆಗಳು ತೋರಿಸುತ್ತವೆ. ಆದರೆ ದಿಕ್ಕು ಬದಲಿಸಿದಾಗ ಹಿಡಿ ಹತ್ತು ಗೆರೆ ತಿರುಗುವವರೆಗೂ ಮೇಜು ಅಲ್ಲಾಡುತ್ತಲೇ ಇರಲಿಲ್ಲ. ಕಾಲೇಜಿನ ಪುಸ್ತಕ ಇದನ್ನು ಬ್ಯಾಕ್‌ಲ್ಯಾಶ್ ಎನ್ನುತ್ತದೆ. ಚಿಕ್ಕಪ್ಪ ಬೆಂಗಳೂರಿನ ಗುಜರಿಯಿಂದ ಬಾಲ್ ಸ್ಕ್ರೂ ತಂದು ಹಾಕಿಸಿದ್ದರು. ಅದರಲ್ಲಿ ಸ್ಕ್ರೂವಿಗೂ ನಟ್ಟಿಗೂ ನಡುವೆ, ಸೈಕಲ್ ಚಕ್ರದ ನಡುವಿನ ಗುಂಬದಲ್ಲಿರುವಂತೆ, ಉಕ್ಕಿನ ಗುಂಡುಗಳು ಉರುಳುತ್ತವೆ. ಗುಂಡುಗಳು ಸವೆದಿದ್ದವು. ಸ್ಕ್ರೂ ಬದಲಾಯಿತು, ಹತ್ತು ಗೆರೆ ಹಾಗೇ ಉಳಿಯಿತು.

ಇದರಿಂದ ಚಿಕ್ಕಣ್ಣ ಮೇಸ್ತ್ರಿಗೆ ಮಾತ್ರ ಯಾವ ತೊಂದರೆಯೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಆ ಹಿಡಿ ತಿರುಗಿಸುತ್ತಿದ್ದ ಕೈ ಅದು. ಸಂತೆಯಲ್ಲಿ ಸೊಪ್ಪಿನವಳು ಕೇಳದೆಯೇ ಕೊಸರು ಹಾಕುವಂತೆ, ಹಿಂದಕ್ಕೆ ತಿರುಗಿಸುವಾಗಲೆಲ್ಲ ಹತ್ತು ಗೆರೆ ಸೇರಿಸಿಬಿಡುತ್ತಿತ್ತು. "ಈ ಸ್ಕ್ರೂ ಸುಳ್ಳು ಏಳ್ತದೆ ಕಣಮ್ಮ," ಎನ್ನುತ್ತಿದ್ದರು, "ಆದ್ರೆ ದಿನಾ ಒಂದೇ ಸುಳ್ಳು. ಅಂಥೋರ್ ಜೊತೆ ಬಾಳ್ವೆ ಮಾಡ್ಬೋದು."

ಮದ್ದು ಸುಲಭ. ಒಂದು ನಟ್ಟಿನ ಬದಲು ಎರಡು ಹಾಕಿ, ನಡುವೆ ಒಂದು ಉಂಗುರವಿಟ್ಟರೆ ಅದು ಎರಡನ್ನೂ ಆಚೀಚೆ ಒತ್ತಿ ಹಿಡಿಯುತ್ತದೆ, ಸಡಿಲ ಹೋಗುತ್ತದೆ. ಉಂಗುರದ ದಪ್ಪ ಮಾತ್ರ ಕೂದಲೆಳೆಯಷ್ಟೂ ತಪ್ಪಬಾರದು. ನನ್ನ ಮೊದಲ ಉಂಗುರ ಹಾಕಿದಾಗ ಹಿಡಿ ತಿರುಗಲೇ ಇಲ್ಲ. "ಬಂಡೂರ್ ಟಗರು ಕಾಲೂರ್ದಂಗೆ ನಿಂತದಲ್ಲವ್ವ!" ಎಂದರು ಮೇಸ್ತ್ರಿ. ಅದನ್ನು ಮನೆಗೆ ತಂದು, ಗಾಜಿನ ಮೇಲೆ ಎಮೆರಿ ಕಾಗದ ಹಾಸಿ, ನಾಲ್ಕು ದಿನ ಉಜ್ಜಿದೆ. ಅಷ್ಟು ಸಪಾಟಾದ ಗಾಜು ಮನೆಯಲ್ಲಿದ್ದದ್ದು ನನ್ನ ಪದವಿಯ ಫೋಟೋಗೆ ಮಾತ್ರ. ಓದಿದ್ದು ಹೀಗಾದರೂ ಉಪಯೋಗಕ್ಕೆ ಬಂತು. ಕೊನೆಗೆ ಸಡಿಲ ಅರ್ಧ ಗೆರೆಗಿಳಿಯಿತು. ಮೇಸ್ತ್ರಿಗೂ ತೋರಿಸಿದೆ. ಅವರು ತಲೆಯಾಡಿಸಿದರು.

ಆ ವಾರವೇ ಬೆಸಗರಹಳ್ಳಿಯ ಪುಟ್ಟೇಗೌಡರು ತಮ್ಮ ಆಲೆಮನೆಯ ಗಾಣದ ಗೇರುಚಕ್ರಗಳು ಕೂರುವ ಕಬ್ಬಿಣದ ತಟ್ಟೆ ಒಡೆದುಕೊಂಡು ಬಂದರು. ಅದರ ಬದಲಿಗೆ ಹಾಕಲು ಅವರಲ್ಲಿ ಇನ್ನೂ ತೂತು ಕೊರೆಯದ ಎರಕದ ತಟ್ಟೆ ಇದ್ದದ್ದು ಎರಡೇ. ಪ್ರತಿಯೊಂದಕ್ಕೂ ಮೂರು ತೂತು ಕೊರೆಯಬೇಕು. ಗೌಡರು ಬೆಂಚಿನ ಮೇಲೆ ಕೂತು, ಹಳೇ ಗೆಳೆಯನಾದ ಮೇಸ್ತ್ರಿಗೆ, "ಕಬ್ಬು ಕಡ್ದಾಕ್ಬುಟ್ಟಿವ್ನಿ ಕಣ್ಲಾ ಚಿಕ್ಕ. ನಾಳೆ ಗಾಣ ತಿರುಗ್ದಿದ್ರೆ ಬೆಲ್ಲ ಅಲ್ಲ, ಸೌದೆ ಆಯ್ತದೆ," ಎಂದರು.

"ಸುಮ್ಕಿರ್ಲಾ, ನೀನ್ ಕೂಗುದ್ರೆ ಯಂತ್ರ ಓಡ್ತದಾ?" ಎಂದರು ಮೇಸ್ತ್ರಿ.

ಎರಡು ಬದಿಯ ತೂತುಗಳಾದವು. ನಡುವಿನದಕ್ಕಾಗಿ ಮೇಜು ಹಿಂದಕ್ಕೆ ಬರಬೇಕು. ಮೇಸ್ತ್ರಿಯ ಕೈ ಗುರುತಿಗೆ ಬಂತು, ದಾಟಿತು, ಇನ್ನೂ ಹತ್ತು ಗೆರೆ ಹೋಯಿತು. ನಾನು ನೋಡಿದೆ. ಹಿರಿಯರಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಒಂದು ಮರ್ಯಾದೆಯ ವಾಕ್ಯ ಕಟ್ಟಿ ಮುಗಿಸುವಷ್ಟರಲ್ಲಿ ತೂತು ಬಿದ್ದಿತ್ತು. ಗೌಡರು ತಂದಿದ್ದ ಗೇರುಗಳನ್ನು ಜೋಡಿಸಿ ನೋಡಿದರೆ ಅವು ಕಚ್ಚಿಕೊಂಡು ನಿಂತವು.

"ಸುಳ್ಳು ಬುಡ್ಸುದ್ರೆ ಇಂಗೇ ಆಗೋದು," ಎಂದು ಮೇಸ್ತ್ರಿ ಮುಖ ತಿರುಗಿಸಿದರು. "ಇನ್ನೊಂದೂ ಕೆಟ್ಟರೆ ಹಳೇ ಸ್ಕ್ರೂನೇ ಹಾಕೋಣ," ಎಂದರು ಚಿಕ್ಕಪ್ಪ. ಗೌಡರು ಉಳಿದ ತಟ್ಟೆಯನ್ನು ಟವೆಲಿನಿಂದ ಒರೆಸಿ ಮೇಸ್ತ್ರಿಯ ಕೈಗಿಟ್ಟರು, ಅದೇ ನನ್ನನ್ನು ಹೆಚ್ಚು ನೋಯಿಸಿತು. ಸಡಿಲ ಹೋಯಿತೆಂದು ನಾನು ಮೇಸ್ತ್ರಿಯ ತಲೆಗೆ ಹೇಳಿದ್ದೆ; ಮಣಿಕಟ್ಟಿಗೆ ಹೇಳಿರಲಿಲ್ಲ.

ಎರಡನೆಯ ತಟ್ಟೆ. ಮತ್ತೆ ನಡುವಿನ ತೂತು. ಕೈ ಗುರುತಿಗೆ ಬಂತು.

"ಸಾಕು!"

ಅದು ನನ್ನದೇ ದನಿಯೆಂದು ತಿಳಿದದ್ದು, ಪಕ್ಕದ ಲೇತ್ ಯಂತ್ರದವನೂ ಚಿಕ್ಕಪ್ಪನೂ ತಿರುಗಿ ನೋಡಿದ ಮೇಲೆ. ಮರ್ಯಾದೆಯ ಒಂದು ಅಕ್ಷರವೂ ಅದಕ್ಕೆ ಸೇರಿರಲಿಲ್ಲ. ಮೇಸ್ತ್ರಿಯ ಕೈ ಗೆರೆಯ ಮೇಲೇ ನಿಂತಿತು. ಅವರು ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ದಿಟ್ಟಿಸಿದರು.

"ಓಯ್ತಿತ್ತಲ್ಲವ್ವ, ತಾನಾಗೇ ಓಯ್ತಿತ್ತು!" ಎಂದವರು ಜೋರಾಗಿ ನಕ್ಕರು. "ನಿಂಗೂ ಬಾಯಿ ಐತೆ ಅಂತ ಇವತ್ತು ಗೊತ್ತಾಯ್ತು."

ಈ ಸಲ ಜೋಡಿಸಿದಾಗ ಗೇರುಗಳು ಬೆಣ್ಣೆಯಂತೆ ತಿರುಗಿದವು. ಗೌಡರು ತಟ್ಟೆಯನ್ನು ಮಗುವಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದರು.

ಆ ಸಂಜೆ ನಾನು ಚಪ್ಪಲಿ ಬಿಡುತ್ತಿದ್ದಂತೆ ಅಮ್ಮ, "ಕಾಫಿ ಬೇಕೇನೇ?" ಎಂದಳು.

"ಬೇಕು," ಎಂದೆ, ಆಗಲೇ.

ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. "ಇದೇನೇ, ಹೀಗೆ ಅವಸರ ಮಾಡಿದರೆ ಹೇಗೆ? ನಾನಿನ್ನೂ ಸ್ಟೌವೇ ಹಚ್ಚಿಲ್ಲ!"

ಅವಳ ಎಷ್ಟು ವರ್ಷಗಳ ಲೆಕ್ಕಾಚಾರವನ್ನು ಒಂದು ಮಾತಿನಲ್ಲಿ ಕೆಡಿಸಿದೆನೋ. ಕೂತು ಕಾದೆ. ಹಾಲು ಉಕ್ಕುವ ಸದ್ದು ಕೇಳಿದಾಗ, ಅವಳಿಗೆ ಕೇಳಿಸುವಂತೆ, ಇನ್ನೊಮ್ಮೆ "ಹ್ಞೂಂ" ಎಂದೆ.